ಸಜೀವ ಜನನ

ಕಾರು ಬಳ್ಳಾಲ್‌ಬಾಗ್ ದಾಟಿದರೂ ಚಿತ್ತರಂಜನನ ನಾಲಿಗೆಯ ಮೇಲೆ ಆ ಶಬ್ದ ಹಾಗೆಯೇ ಕೂತಿತ್ತು. ಗಂಡು. ಬೆಳಿಗ್ಗೆ ಕಾಲೇಜಿನ ಸಭಾಂಗಣದಲ್ಲಿ, ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕೂತಿರುವಾಗ, ಅದನ್ನು ಆಡಿದ್ದು ಅವನೇ. ಸತ್ತು ಹುಟ್ಟಿದ ನಿಮ್ಮ ಮಗು ಗಂಡೋ ಹೆಣ್ಣೋ ಎಂದು ಸಿಲೋನಿನಿಂದ ಬಂದ ಡಾ. ವಿಜೇಸೂರಿಯ ಬಹಳ ಮೆತ್ತಗೆ ಕೇಳಿದ್ದರು. ಗಂಡು ಎಂದು ಇವನು ತಡವರಿಸದೆ ಹೇಳಿಬಿಟ್ಟಿದ್ದ. ನಿಜವೆಂದರೆ ಅವನಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಯಾರನ್ನೂ ಕೇಳಿರಲಿಲ್ಲ, ಯಾರೂ ತಾವಾಗಿ ಹೇಳಿರಲಿಲ್ಲ. ಈಗ ಆ ಹೆಂಗಸು ಅವನ ಸಹೋದ್ಯೋಗಿ ಎಡ್ವಿನ್ ಲೋಬೋನ ಜೊತೆ ಹಿಂದಿನ ಸೀಟಿನಲ್ಲಿ ಕೂತು, ದಾರಿಯ ಬದಿಯ ಗೋಳಿಮರವನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳುತ್ತ, ಮಣ್ಣಗುಡ್ಡದ ಅವನ ಮನೆಗೆ ಊಟಕ್ಕೆ ಬರುತ್ತಿದ್ದರು. ಮನೆಯಲ್ಲಿ ಹೆಂಡತಿ ವಿನೋದಾ ಇದ್ದಳು. ನಿಮ್ಮ ಮಗನ ವಿಷಯ ಕೇಳಿ ಬೇಸರವಾಯಿತು ಎಂದು ಅವರು ಸೌಜನ್ಯಕ್ಕೆ ಒಂದು ಮಾತು ಆಡಿದರೆ ಸಾಕು. ಮನೆಯೊಳಗೆ ಯಾರೂ ಎತ್ತದ ಸಂಗತಿಯನ್ನು ಇವನು ಊರವರೆದುರು ಎತ್ತಿದ್ದು ಅವಳಿಗೆ ತಿಳಿಯುತ್ತದೆ; ಎತ್ತುವಾಗ ಅದು ಗಂಡೋ ಹೆಣ್ಣೋ ಎಂಬುದೂ ಇವನಿಗೆ ಗೊತ್ತಿರಲಿಲ್ಲ ಎಂಬುದು ಅದರ ಹಿಂದೆಯೇ ತಿಳಿಯುತ್ತದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಹೇಳಿದವರು ಮಾರ್ಚ್ ತಿಂಗಳ ಸೆಖೆಯಲ್ಲಿ ಹೀಗೆ ಕಾರಿನೊಳಗೆ ಬೆವರಿದವರೇ ಇರಬೇಕು. ಗಂಡಾಗಿರಲೂಬಹುದಲ್ಲ ಎಂದು ಅವನು ತನ್ನನ್ನೇ ಸಮಾಧಾನಪಡಿಸಿಕೊಳ್ಳಲು ನೋಡಿದ. ಸಂಖ್ಯಾಶಾಸ್ತ್ರದ ಪ್ರಕಾರ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಸಾಧ್ಯತೆ ಇತ್ತು. ಈ ಲೆಕ್ಕ ಹೊಳೆದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಬೆಳಿಗ್ಗೆ ಎಲ್ಲವೂ ಎಷ್ಟು ಚೆನ್ನಾಗಿ ಸಾಗಿತ್ತು. ದೇಶ ದೇಶಗಳ ನಡುವೆ ಅಭಿವೃದ್ಧಿಯಲ್ಲಿ ಇಷ್ಟು ಅಂತರ ಯಾಕೆ, ಅದನ್ನು ಯಾವ ಕೋಲಿನಿಂದ ಅಳೆಯಬೇಕು ಎಂಬುದು ಅವನು ಹತ್ತು ವರ್ಷದಿಂದ ಪಾಠ ಮಾಡುತ್ತ ಬಂದ ವಿಷಯ. ದೊಡ್ಡ ಹಾಳೆಯ ಮೇಲೆ ದೇಶಗಳ ಹೆಸರನ್ನು ಮೇಲಿನಿಂದ ಕೆಳಗೆ ಬರೆದು ತಂದಿದ್ದ. ತಲಾ ಆದಾಯದಿಂದ ಅಳೆದರೆ ಎಣ್ಣೆಯ ದೇಶಗಳು ಮೇಲೆ, ಸಿಲೋನು ಎಲ್ಲೋ ಕೆಳಗೆ. ದುಡ್ಡಿನಲ್ಲಿ ನಮ್ಮ ಬೆನೆಡಿಕ್ಟನ ಕುವೈತೇ ಫಸ್ಟು ಎಂದು ಎಡ್ವಿನ್ ತನ್ನ ತಮ್ಮನ ಹೆಸರು ಹೇಳಿ ಹುಡುಗರನ್ನು ನಗಿಸಿದ್ದ. ಆದರೆ ಕೋಲನ್ನು ಬದಲಿಸಿ, ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಮಂದಿಗೆ ಓದಲು ಬರುತ್ತದೆ, ಹುಟ್ಟಿದ ಕೂಸುಗಳಲ್ಲಿ ಎಷ್ಟು ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ ಎಂದು ಕೇಳಿದರೆ ಪಟ್ಟಿ ತಲೆಕೆಳಗಾಗುತ್ತದೆ, ಬಡ ಸಿಲೋನು ಎದ್ದು ಮೇಲೆ ಬರುತ್ತದೆ. ಅಲ್ಲಿಂದ ಅವನು ತನ್ನ ಮಾತಿಗೆ ಬಂದಿದ್ದ. ಉರ್ವ, ಮಣ್ಣಗುಡ್ಡ, ಬೈಕಂಪಾಡಿಗಳಲ್ಲಿ ತನ್ನ ವಿದ್ಯಾರ್ಥಿಗಳು ಮನೆ ಮನೆ ಹೋಗಿ ಕೇಳಿ ತಂದದ್ದನ್ನು ಕೂಡಿಸಿದರೆ, ಈ ನಮ್ಮ ಜಿಲ್ಲೆ ಒಂದು ದೇಶವಾಗಿದ್ದರೆ ಸಿಲೋನಿನ ಪಕ್ಕದಲ್ಲೇ ಕೂರುತ್ತಿತ್ತು ಎಂದಿದ್ದ. ಕಾರಣವನ್ನೂ ಕೊಟ್ಟಿದ್ದ. ಇಲ್ಲಿ ಮನೆ ಹೆಂಗಸಿನದು. ಹೆರಿಗೆ ಅವಳ ತಾಯಿಯ ಮನೆಯಲ್ಲಿ, ಅವಳ ಸ್ವಂತ ಜನರ ನಡುವೆ ಆಗುತ್ತದೆ. ವಂಶ ಹೆಣ್ಣಿನಿಂದ ಬೆಳೆಯುವ ಕಡೆ ಹೆಣ್ಣು ಕೂಸನ್ನು ಯಾರೂ ಹೊರೆಯೆಂದು ನೋಡುವುದಿಲ್ಲ. ಡಾ. ವಿಜೇಸೂರಿಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೇಳುತ್ತಿದ್ದರು. ಜಿನೀವಾದಲ್ಲಿ ಒಂದು ವರ್ಷದ ಕೆಲಸಕ್ಕೆ ಇಲ್ಲಿಂದ ಒಬ್ಬನನ್ನು ಆರಿಸುವವರು ಅವರೇ ಎಂಬುದು ಸಭಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಅವರು ಎದ್ದು ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಲೆಕ್ಕದಲ್ಲಿ ಹುಟ್ಟಿದ ಮೊದಲ ವಾರದಲ್ಲಿ ಸತ್ತ ಕೂಸುಗಳು ಬಹುಮಟ್ಟಿಗೆ ಇಲ್ಲವೇ ಇಲ್ಲ, ಸತ್ತೇ ಹುಟ್ಟಿದವು ಮಾತ್ರ ಬಹಳ. ಯಾವ ದೇಶದಲ್ಲೂ ಹೀಗಿರುವುದನ್ನು ನಾನು ಕಂಡಿಲ್ಲ. ಜೀವವಿದ್ದು ಹುಟ್ಟಿ ಬೇಗ ಹೋದದ್ದನ್ನು ನಿಮ್ಮ ಜನ ಸತ್ತು ಹುಟ್ಟಿದ್ದು ಅನ್ನುತ್ತಿರಬಹುದೇ? ಚಿತ್ತರಂಜನ ಎಡ್ವಿನ್‌ನ ಕಡೆ ನೋಡಿದ. ಎಡ್ವಿನ್ ಕಿಟಕಿಯ ಕಡೆ ನೋಡುತ್ತಿದ್ದ. ತಿಂಗಳ ಹಿಂದೆ ಸ್ಟಾಫ್ ರೂಮಿನಲ್ಲಿ ಎಡ್ವಿನ್ ಇದನ್ನೇ ಹೇಳಿದ್ದ, ಇದೊಂದು ಸರಿ ಕಾಣುವುದಿಲ್ಲ ಮಾರಾಯ ಎಂದು. ಹುಡುಗರು ಕೇಳುವುದು ಮನೆಯ ಹಿರಿಯ ಹೆಂಗಸನ್ನು, ಹೆತ್ತವಳನ್ನಲ್ಲ, ಇನ್ನೊಮ್ಮೆ ಹೋಗಿ ಕೇಳುವ ಎಂದೂ ಹೇಳಿದ್ದ. ಸಮಯವಿಲ್ಲ ಎಂದು ಇವನು ಅದನ್ನು ತಳ್ಳಿಹಾಕಿದ್ದ. ಪ್ರಿನ್ಸಿಪಾಲರು ತಲೆಯೆತ್ತಿ ಅವನನ್ನೇ ನೋಡಿದರು. ಆ ಒಂದು ನೋಟಕ್ಕೆ ಅವನ ಬಾಯಿ ತೆರೆಯಿತು. ಇಲ್ಲ ಮೇಡಂ, ನಮ್ಮ ಜನಕ್ಕೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು ಎಂದ. ಬೇರೆಯವರ ಮಾತು ಯಾಕೆ, ನನ್ನ ಮನೆಯದೇ ಹೇಳುತ್ತೇನೆ, ನನ್ನ ಹೆಂಡತಿಗೂ ಒಂದು ಮಗು ಸತ್ತು ಹುಟ್ಟಿತು. ನಮ್ಮ ವಿದ್ಯಾರ್ಥಿ ಬಂದು ಕೇಳಿದಾಗ ನನ್ನ ಅತ್ತೆ ಮುಚ್ಚಿಡದೆ, ಹೆಚ್ಚಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಾಲ್ ಒಮ್ಮೆಗೇ ಮೌನವಾಯಿತು. ಅದು ಗೌರವದ ಮೌನವೆಂದು ಅವನಿಗೆ ಗೊತ್ತಾಯಿತು, ಅದು ಅವನಿಗೆ ಹಿತವಾಯಿತು. ಕಾರಿನಲ್ಲಿ ಕೂತ ಮೇಲೆ ಅವನನ್ನು ಕುಕ್ಕುತ್ತಿದ್ದದ್ದು ಸುಳ್ಳಿಗಿಂತ ಹೆಚ್ಚಾಗಿ ಆ ಹಿತ. ಸತ್ತ ಕೂಸನ್ನು ಎತ್ತಿ ತೋರಿಸಿ ಅವನು ಸಭೆ ಗೆದ್ದಿದ್ದ.

ಅದು ಆಗುವಾಗ ಅವನು ಪುಣೆಯಲ್ಲಿದ್ದ. ಪ್ರಬಂಧ ಒಪ್ಪಿಸಲು ವಾರವೂ ಉಳಿದಿರಲಿಲ್ಲ. ಬಾವ ತಾರಾನಾಥ ಕೊಟ್ಟ ತಂತಿ ಸಂಜೆ ಬಂತು: ಮಗು ಸತ್ತು ಹುಟ್ಟಿತು, ವಿನೋದಾ ಸೌಖ್ಯ, ಬರುವ ಅಗತ್ಯವಿಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅವನು ಅದನ್ನು ಓದಿದ. ಮೊದಲು ಎದ್ದು ನಿಂತ. ಆಮೇಲೆ ಕೊನೆಯ ಎರಡು ಶಬ್ದ ಕಣ್ಣಿಗೆ ಬಿದ್ದವು, ಮತ್ತೆ ಕೂತ. ಅಗತ್ಯವಿಲ್ಲ ಎಂದ ಮೇಲೆ ಹೋಗದಿರುವುದು ತಪ್ಪಲ್ಲ. ಆ ರಾತ್ರಿ ಅವನಿಗೆ ನಿದ್ದೆಯೂ ಬಂತು. ತಿಂಗಳು ಕಳೆದು ಊರಿಗೆ ಬಂದಾಗ ವಿನೋದಾ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು, ಸ್ವಲ್ಪ ಬಿಳಿಚಿಕೊಂಡಿದ್ದಳು, ಪುಣೆಯಲ್ಲಿ ಚಳಿ ಉಂಟಾ ಎಂದು ಕೇಳಿದಳು. ಉಂಟು ಎಂದ. ಅವಳು ಇನ್ನೇನಾದರೂ ಹೇಳುತ್ತಾಳೋ ಎಂದು ಅವನು ಕಾದ, ಅಥವಾ ಹೇಳದಿದ್ದರೆ ಸಾಕೆಂದು ಕಾದ. ಯಾವುದೆಂದು ಈಗ ಹೇಳಲು ಬರುವುದಿಲ್ಲ. ಅತ್ತೆ ರತ್ನಾವತಿ ಮಾತ್ರ ಊಟಕ್ಕೆ ಬಡಿಸುತ್ತ, ಬಂಜಿಡೇ ಪೋಂಡು, ಹೊಟ್ಟೆಯಲ್ಲೇ ಹೋಯಿತು ಎಂದು ತುಳುವಿನಲ್ಲಿ ಒಂದು ಮಾತು ಹೇಳಿ, ಮೀನಿನ ಪಾತ್ರೆಯನ್ನು ಅವನ ಕಡೆ ಸರಿಸಿದ್ದರು. ಅಲ್ಲಿಗೆ ವಿಷಯ ಮುಗಿದಿತ್ತು. ಆಮೇಲೆ ಮಕ್ಕಳಾಗಲಿಲ್ಲ.

ಲಾಲ್‌ಬಾಗಿನ ತಿರುವಿನಲ್ಲಿ ಸಿಟಿ ಬಸ್ಸೊಂದು ಅಡ್ಡ ನಿಂತು ಕಾರಿನ ಡ್ರೈವರ್ ಮುದ್ದು ಹಾರ್ನ್ ಒತ್ತುತ್ತಿದ್ದಾಗ ಚಿತ್ತರಂಜನ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಮನೆಯಲ್ಲಿ ಬಿಸಿಲಿಗೆ ಕೂರಲಿಕ್ಕಾಗುವುದಿಲ್ಲ, ಪೇಟೆಯಲ್ಲಿ ಒಳ್ಳೆಯ ಹೋಟೆಲಿದೆ, ಅಲ್ಲಿಗೇ ಹೋಗೋಣವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಡಾ. ವಿಜೇಸೂರಿಯ ನಕ್ಕರು. ಎಲ್ಲ ದೇಶಗಳ ಹೋಟೆಲಿನಲ್ಲೂ ಉಂಡಾಗಿದೆ, ನನಗೆ ನಿಮ್ಮ ಹೆಂಡತಿಯನ್ನು ಕಾಣಬೇಕು ಎಂದರು. ಎಡ್ವಿನ್ ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ತುಳುವಿನಲ್ಲಿ ಹೇಳಿದ:

"ನೀನು ಮನೆಯ ಮಾತು ಅಲ್ಲಿ ತೆಗೆಯಬಾರದಿತ್ತು ಮಾರಾಯ."

ಅಷ್ಟರಲ್ಲಿ ಬಸ್ಸು ಸರಿದು ದಾರಿ ತೆರೆದುಕೊಂಡಿತು, ಕಾರು ಮಣ್ಣಗುಡ್ಡದ ಏರಿಗೆ ತಿರುಗಿತು. ಎಡ್ವಿನ್‌ನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳ ಮಾಡಬಹುದಿತ್ತು.

ಮನೆ ಅತ್ತೆಯದು. ಅವನು ಅಲ್ಲಿ ಅಳಿಯ. ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆ ಮಾಡುತ್ತೇನೆಂದು ಹೊರಟವನನ್ನು, ಹೆಣ್ಣು ತನ್ನ ಮನೆ ಬಿಟ್ಟು ಬಾಡಿಗೆ ಮನೆಗೆ ಯಾಕೆ ಹೋಗುವುದು ಎಂದು ರತ್ನಾವತಿ ಒಂದೇ ಮಾತಿನಲ್ಲಿ ನಿಲ್ಲಿಸಿದ್ದರು. ಸಭೆಯಲ್ಲಿ ಅವನು ಅಷ್ಟು ಹೆಮ್ಮೆಯಿಂದ ವಿವರಿಸಿದ ವ್ಯವಸ್ಥೆಯೊಳಗೆ, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದರಿಂದ ಹಿಡಿದು ಯಾವ ಕುರ್ಚಿಯಲ್ಲಿ ಕೂರಬೇಕು ಎಂಬುದರ ತನಕ ಅವನು ಬಾಗಿ ನಡೆಯುತ್ತಿದ್ದ. ಇವತ್ತು ಅತ್ತೆ ಜಗಲಿಯಲ್ಲೇ ನಿಂತಿದ್ದರು. ಅತಿಥಿಯ ಕೈ ಹಿಡಿದು, ಸೀರೆಯ ಅಂಚು ಮುಟ್ಟಿ ನೋಡಿ, ನಮ್ಮ ಹಾಗೆಯೇ ಇದ್ದಾರಲ್ಲ ಎಂದು ತುಳುವಿನಲ್ಲಿ ಸಂತೋಷಪಟ್ಟರು. ಒಳಗಿನಿಂದ ತೆಂಗಿನೆಣ್ಣೆಯಲ್ಲಿ ಕಾಣೆ ಮೀನು ಕಾಯಿಸುವ ವಾಸನೆ ಬರುತ್ತಿತ್ತು. ಡಾ. ವಿಜೇಸೂರಿಯ ಒಂದು ಕ್ಷಣ ಕಣ್ಣು ಮುಚ್ಚಿ, ಇದು ನನ್ನ ಅಮ್ಮನ ಅಡಿಗೆಮನೆ ಎಂದರು. ಮತ್ತೆ ಯಾರೂ ಕರೆಯುವ ಮೊದಲೇ ಪರದೆ ಸರಿಸಿ ಒಳಗೆ ಹೋದರು. ಚಿತ್ತರಂಜನ ಅವರ ಹಿಂದೆಯೇ ಹೋದ. ವಿನೋದಾ ಒಲೆಯ ಎದುರು ಬೆವರು ಒರೆಸಿಕೊಳ್ಳುತ್ತಿದ್ದಳು. ಹೊಸಬರನ್ನು ಕಂಡು ನಕ್ಕಳು, ಗಂಡನನ್ನು ಕಂಡು, ನೀವು ಎಂತಕ್ಕೆ ಇಲ್ಲಿ, ಸೆಖೆ, ಎಡ್ವಿನರ ಹತ್ತಿರ ಕೂತುಕೊಳ್ಳಿ ಎಂದಳು. ಅವನು ನಿಂತೇ ಇದ್ದ. ನೀರು ಬೇಕು ಎಂದ. ಅವಳು ಚೆಂಬು ತುಂಬಿಸಿ ಕೈಗೆ ಕೊಟ್ಟಳು. ಇನ್ನು ನಿಲ್ಲಲು ನೆವ ಉಳಿಯಲಿಲ್ಲ.

ಊಟದ ಮೇಜಿಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದು ಅರ್ಧ ಪರದೆ ಮಾತ್ರ. ಎಡ್ವಿನ್ ಜಿಲ್ಲೆಯ ಕರೆಂಟಿನ ವಿಷಯ ತೆಗೆದ. ಚಿತ್ತರಂಜನ ಹೂಂ ಎನ್ನುತ್ತಿದ್ದ. ಒಳಗೆ ಕೊತ್ತಂಬರಿ ಹುರಿಯುವ ಮಾತು, ಹುಳಿ ಯಾವುದು ಹಾಕುತ್ತೀರಿ ಎಂಬ ಮಾತು. ವಿನೋದಾಳ ಇಂಗ್ಲಿಷನ್ನು ಅವನು ಕೇಳಿ ವರ್ಷಗಳಾಗಿದ್ದವು. ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತ, ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುವ ಇಂಗ್ಲಿಷ್. ಅದು ಇಷ್ಟು ಸಲೀಸಾಗಿ ಅವಳ ಬಾಯಿಂದ ಬರುತ್ತಿರುವುದು ಅವನಿಗೆ ಯಾಕೋ ಭಯ ಹುಟ್ಟಿಸಿತು. ಆಮೇಲೆ ಅತಿಥಿಯ ದನಿ ತಗ್ಗಿತು. ಏನೆಂದು ಕೇಳಿಸಲಿಲ್ಲ, ಕೊನೆಯ ಎರಡು ಶಬ್ದ ಮಾತ್ರ ಕೇಳಿಸಿತು: ನಿಮ್ಮ ಮಗ. ಬಾಣಲೆಯಲ್ಲಿ ಮೀನು ಚಟಪಟ ಎನ್ನುತ್ತಲೇ ಇತ್ತು. ಎಡ್ವಿನ್ ಮಾತು ನಿಲ್ಲಿಸಿದ. ಅವನು ನಿಲ್ಲಿಸದಿದ್ದರೆ ಮುಂದಿನದು ಕೇಳಿಸುತ್ತಿರಲಿಲ್ಲವೋ ಏನೋ. ಆ ಒಂದು ಗಳಿಗೆ ಚಿತ್ತರಂಜನನಿಗೆ ಅವನನ್ನು ಕೊಲ್ಲುವಷ್ಟು ಕೋಪ ಬಂತು.

"ಮಗ ಅಲ್ಲ. ಹೆಣ್ಣು," ಎಂದಳು ವಿನೋದಾ.

ಅತಿಥಿ ಏನೋ ಹೇಳಲು ಹೋದರು, ಕ್ಷಮೆ ಕೇಳಿದರು, ನಾನು ಕೇಳಿಸಿಕೊಂಡದ್ದು ತಪ್ಪಿರಬೇಕು ಎಂದರು. ವಿನೋದಾ ಮೀನನ್ನು ಒಂದೊಂದಾಗಿ ಮಗುಚಿದಳು, ಅದರ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಎಲ್ಲ ಮಗುಚಿ ಮುಗಿಸಿದ ಮೇಲೆ ಹೇಳಿದಳು:

"ನೀವು ತಪ್ಪು ಕೇಳಿಸಿಕೊಂಡಿಲ್ಲ. ಅವರಿಗೆ ಗೊತ್ತಿಲ್ಲ. ಅವರು ಇರಲಿಲ್ಲ. ಸತ್ತು ಹುಟ್ಟಿದ್ದು ಕೂಡ ಅಲ್ಲ. ಅತ್ತಿತ್ತು."

ಆಮೇಲೆ ಅವಳು ನಿಧಾನವಾಗಿ, ಯಾರದೋ ಮನೆಯ ಸಂಗತಿಯನ್ನು ಹೇಳುವ ಹಾಗೆ ಹೇಳುತ್ತ ಹೋದಳು. ನಮ್ಮಲ್ಲಿ ಹೆಸರಿಡುವ ತನಕ ಕೂಸು ಬಂದ ಹಾಗೆ ಲೆಕ್ಕವಿಲ್ಲ. ಬಂದು ಹೋಯಿತು ಎಂದು ಬಾಯಿಬಿಟ್ಟರೆ ಅದು ಸಾವು, ಗಂಡಸರೆಲ್ಲ ಬರಬೇಕು, ಸೂತಕ ಹಿಡಿಯಬೇಕು. ಹೊಟ್ಟೆಯಲ್ಲೇ ಹೋಯಿತು ಎಂದರೆ ಯಾರಿಗೂ ತೊಂದರೆಯಿಲ್ಲ. ಅಜ್ಜಿಯೂ ಹಾಗೆ ಹೇಳುತ್ತಿದ್ದರಂತೆ, ನೆರೆಮನೆಯವರೂ ಹಾಗೆಯೇ ಹೇಳುವುದು. ನನ್ನ ಗಂಡನಿಗೆ ಪುಣೆಯಲ್ಲಿ ಪ್ರಬಂಧ ಮುಗಿಸುವ ಹೊತ್ತು, ಓದುವ ಹುಡುಗನಿಗೆ ಯಾಕೆ ಸಂಕಟ ಎಂದು ಅಮ್ಮನೇ ತೀರ್ಮಾನ ಮಾಡಿದರು. ಅಮ್ಮನಿಗೂ ದುಃಖವೇ, ಈ ಮನೆ ಮುಂದುವರಿಯಬೇಕಾದ ಹೆಣ್ಣಲ್ಲವಾ. ಆಮೇಲೆ ಅಮ್ಮ ಅದರ ಹೆಸರೆತ್ತಲಿಲ್ಲ, ಎತ್ತಲು ಹೆಸರೂ ಇರಲಿಲ್ಲ. ಡಾ. ವಿಜೇಸೂರಿಯರ ದನಿ ಇನ್ನೂ ತಗ್ಗಿತು. ನಮ್ಮ ಹಳ್ಳಿಯಲ್ಲೂ ಹೀಗೆಯೇ ಇತ್ತು, ನನ್ನ ಅಮ್ಮನಿಗೂ ಎರಡು ಹೀಗೆ ಹೋಗಿವೆ, ನನಗೆ ತಿಳಿದದ್ದು ಅವಳು ಸಾಯುವ ವರ್ಷ ಎಂದರು. ಅವರಿಬ್ಬರಲ್ಲಿ ಯಾರು ಅತ್ತರೋ, ಯಾರೂ ಅಳಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ಎಡ್ವಿನ್ ಎದ್ದು ಜಗಲಿಗೆ ಹೋಗಿದ್ದ.

ಊಟಕ್ಕೆ ಕೂತಾಗ ಎಲ್ಲರೂ ಸರಿಯಾಗಿಯೇ ಮಾತಾಡಿದರು. ಚಿತ್ತರಂಜನನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ರತ್ನಾವತಿ ಒತ್ತಾಯ ಮಾಡಿ ಬಡಿಸಿದರು. ಅತಿಥಿಗೆ ತುಳು ಬಾರದಿದ್ದರೂ ಎರಡು ಸಲ ಕೈ ಅಡ್ಡ ಹಿಡಿದರೆ ಮೂರನೆಯ ಸಲ ಹಿಡಿಯಬಾರದು ಎಂಬುದು ಗೊತ್ತಿತ್ತು. ವಿನೋದಾ ಅನ್ನ ಬಡಿಸಲು ಬಂದಾಗ ಅವನು ಮುಖ ಎತ್ತಲಿಲ್ಲ. ಅವಳ ಬಳೆ ಹತ್ತಿರ ಬಂತು, ದೂರ ಹೋಯಿತು. ಅತ್ತಿತ್ತು. ಎಲ್ಲಿ ಅತ್ತಿತ್ತು, ಹಿಂದಿನ ಕೋಣೆಯಲ್ಲೋ? ಈಗ ಅವನು ಪುಸ್ತಕ ಇಟ್ಟುಕೊಂಡು ಓದುವ ಕೋಣೆ ಅದು. ತಂತಿ ಬಂದ ದಿನ ಬೆಳಿಗ್ಗೆ ಅದು ಇನ್ನೂ ಉಸಿರಾಡುತ್ತಿತ್ತೋ ಏನೋ. ರೈಲು ಹಿಡಿದಿದ್ದರೂ ಮುಟ್ಟುತ್ತಿರಲಿಲ್ಲ ಎಂದು ಮನಸ್ಸು ಕೂಡಲೇ ವಾದ ಹೂಡಿತು. ಆದರೆ ರೈಲು ಹಿಡಿದಿರಲಿಲ್ಲವಲ್ಲ. ಅನ್ನ ಕಲಸಿದ ಕೈ ಬಾಯಿಗೆ ಹೋಗದೆ ನಿಂತಿತು. ರತ್ನಾವತಿ ಅದನ್ನು ನೋಡಿ, ಯಾಕೆ, ಉಪ್ಪು ಕಡಿಮೆ ಉಂಟಾ ಎಂದರು. ಇಲ್ಲ ಎಂದು ಅವನು ಉಂಡ. ಈ ಮುದುಕಿ ತನಗೆ ಮೋಸ ಮಾಡಿದ್ದಾಳೆ ಎಂದು ಕೆರಳಿಕೊಳ್ಳಲು ನೋಡಿದ. ಕೆರಳಲಿಕ್ಕೆ ಆಗಲಿಲ್ಲ. ಅವರು ಮೋಸ ಮಾಡಿರಲಿಲ್ಲ, ಉಪಕಾರ ಮಾಡಿದ್ದರು. ಆ ಉಪಕಾರವನ್ನು ಅವನು ಮರುಮಾತಿಲ್ಲದೆ ತೆಗೆದುಕೊಂಡಿದ್ದ.

ಹೊರಡುವಾಗ ಡಾ. ವಿಜೇಸೂರಿಯ ಕಾರಿನ ಬಾಗಿಲು ಹಿಡಿದು ಅವನೊಬ್ಬನಿಗೆ ಕೇಳಿಸುವಷ್ಟು ಮೆಲ್ಲಗೆ ಮಾತಾಡಿದರು. ನಿಮ್ಮ ಜಿಲ್ಲೆಯ ಸ್ಥಾನ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಅದಕ್ಕೆ ನಾಚಿಕೆ ಬೇಡ, ಸಂಖ್ಯೆಗೆ ಮಾನ ಅವಮಾನ ಇಲ್ಲ ಎಂದರು. ಇನ್ನೊಮ್ಮೆ ಕೇಳಿಸಿ, ಹೆಂಗಸರನ್ನೇ ಕಳಿಸಿ, ಹೆತ್ತವಳನ್ನು ಒಬ್ಬಳನ್ನೇ ಕೂರಿಸಿ ಕೇಳಲಿ. ಜಿನೀವಾದ ವಿಷಯ ಅವರು ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ಅವನಿಗೆ ಅನಿಸಿತು. ಈ ಹೊತ್ತಿನಲ್ಲೂ ಅದು ಅನಿಸಿತಲ್ಲ ಎಂದು ಅವನು ತನ್ನ ಮುಖವನ್ನು ಕಾರಿನ ಗಾಜಿನಲ್ಲಿ ನೋಡಿದ. ಎಡ್ವಿನ್ ಅವರ ಪಕ್ಕ ಹತ್ತಿ ಕೂತ, ನಾಳೆ ಕಾಣುವ ಎಂದು ಮಾತ್ರ ಹೇಳಿದ. ಕಾರು ಇಳಿಜಾರಿನಲ್ಲಿ ಮರೆಯಾಯಿತು.

ಮನೆಯೊಳಗೆ ಅತ್ತೆ ಮಲಗಿದ್ದರು. ವಿನೋದಾ ಎಲ್ಲರೂ ಎದ್ದ ಮೇಲೆ ಒಬ್ಬಳೇ ಊಟ ಮುಗಿಸಿ, ಮೇಜಿನ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಏನು ಹೇಳಬೇಕೆಂದು ಕಾರು ಹೋದಲ್ಲಿಂದ ಇಲ್ಲಿಯ ತನಕ ಜೋಡಿಸಿಕೊಂಡು ಬಂದದ್ದು ಅವಳ ಬೆನ್ನು ಕಂಡದ್ದೇ ಚೆದುರಿಹೋಯಿತು. ನೀನು ನನಗೆ ಹೇಳಬೇಕಿತ್ತು ಎಂಬ ಮಾತು ಬಾಯಿಗೆ ಬಂತು. ಅದು ದೂರಿನ ಹಾಗೆ ಕೇಳಿಸಿತು.

"ನೀವು ಕೇಳಲಿಲ್ಲ," ಎಂದಳು ವಿನೋದಾ. ತಿರುಗಿ ನೋಡಲಿಲ್ಲ. "ಕೇಳಿದರೆ ಹೇಳುವ ಎಂದು ನಾನು ಕಾದೆ. ಬಂದ ದಿವಸ ಬಾವಿಕಟ್ಟೆಯ ಹತ್ತಿರವೂ ಕಾದೆ. ಆಮೇಲೆ ನಿಮ್ಮ ಕಾಲೇಜಿನ ಹುಡುಗ ಮನೆಗೆ ಬಂದು ಅಮ್ಮನ ಹತ್ತಿರ ಎಲ್ಲ ಕೇಳಿದ. ನಾನು ಇಲ್ಲೇ ಒಳಗೆ ಇದ್ದೆ."

ಅವನು ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡ. ತಪ್ಪಾಯಿತು ಅನ್ನಬೇಕಿತ್ತು. ಅವಳ ಭುಜದ ಮೇಲೆ ಕೈ ಇಡಬೇಕಿತ್ತು. ದುಃಖ ನಿಜವಾಗಿಯೂ ಬಂದಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಆ ದುಃಖದ ನಡುವಿನಿಂದ ಅವನ ಬಾಯಿಗೆ ಬಂದದ್ದು ಒಂದು ಪ್ರಶ್ನೆ.

"ಎಷ್ಟು ಹೊತ್ತು ಇತ್ತು, ವಿನೋದಾ?"

ಅವಳ ಕೈ ನಿಂತಿತು. ಈಗ ತಿರುಗಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು:

"ಯಾಕೆ? ಬರೆಯಲಿಕ್ಕಾ?"

ಅಲ್ಲ ಎನ್ನಲು ಅವನು ಬಾಯಿ ತೆರೆದ. ಆದರೆ ಅವಳು ಕೇಳುವ ಮೊದಲೇ ಅವನ ತಲೆಯೊಳಗೆ ಒಂದು ದಿನ ತುಂಬುವ ಮೊದಲು ಹೋದವು ಒಂದು ಕಡೆ, ವಾರದೊಳಗೆ ಹೋದವು ಇನ್ನೊಂದು ಕಡೆ ಎಂದು ಎರಡು ಖಾನೆ ತೆರೆದುಕೊಂಡಾಗಿತ್ತು, ಇದು ಯಾವುದರಲ್ಲಿ ಬೀಳುತ್ತದೆ ಎಂದು ಅವನು ಕಾಯುತ್ತಿದ್ದ. ಅದನ್ನು ಅವನು ತಡವಾಗಿ ಕಂಡ. ಅವನ ಮುಖವನ್ನೇ ನೋಡುತ್ತಿದ್ದ ವಿನೋದಾ ಅದನ್ನು ಮೊದಲೇ ಕಂಡಿರಬೇಕು. ಆದರೂ ಅವಳು ಸ್ವಲ್ಪ ಹೊತ್ತು ಕಾದಳು.

"ಹಾಗಾದರೆ ಬೇಡ," ಎಂದು ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.